ಮಲಗಿ ನೋಡಿದೆ

ಬಿ.ಎಂ. ರಸ್ತೆಯ ಅಂಗಡಿ, ಮೊದಲ ಮಹಡಿ.
ಕಮೋಡುಗಳ ಸಾಲು ದಾಟಿ, ಬೇಸಿನ್ನುಗಳ ಗೋಡೆ ದಾಟಿ
ಕೊನೆಗೆ ಅವು, ಬೆಳ್ಳಗೆ ಬಾಯಿ ತೆರೆದುಕೊಂಡು,
ನೀರನ್ನೇ ಕಾಣದ ಏಳು ಟಬ್ಬು.

‘ಯಾರಿಗೆ ಮೇಡಂ?’ ಅಂದ ಸುಹೇಲ್, ಮೀಸೆ ಈಗಷ್ಟೇ ಚಿಗುರಿದವನು.
ನನಗೇ ಕಣಪ್ಪ, ಅಂದೆ.
ಹಿಂದೆ ಪ್ಲಂಬರ್ ಅಂತೋಣಪ್ಪ ಕೆಮ್ಮಿದ.
ಶೆಟ್ಟಿಹಳ್ಳಿಯಿಂದ ಮೊಪೆಡ್ಡಿನಲ್ಲಿ ಬಂದವನು, ಜೇಬಲ್ಲಿ ಟೇಪು,
ಮುಖದಲ್ಲಿ ಈಯಮ್ಮನಿಗೇನು ಬಂತು ಎಂಬ ಲೆಕ್ಕ.

ಇಪ್ಪತ್ತೊಂಬತ್ತು ವರ್ಷ ನಿಂತಿದ್ದೇನೆ ನಾನು.
ಹಾಸನ ಬೇಲೂರು, ಹಾಸನ ಅರಸೀಕೆರೆ, ರಜೆ ಬಂದರೆ ಧರ್ಮಸ್ಥಳ ಸ್ಪೆಷಲ್ಲು,
ಸೊಂಟವನ್ನು ಸೀಟಿನ ಮೂಲೆಗೆ ಆನಿಸಿ
‘ಒಳಗ್ ಬನ್ನಿ, ಒಳಗ್ ಬನ್ನಿ’ ಅಂತ
ಲೋಕವನ್ನೆಲ್ಲ ಒಳಗೆ ತುಂಬಿ.
ಸ್ನಾನವೂ ನಿಂತೇ.
ಡಿಪೋದ ಮೊದಲ ಗಾಡಿ ಐದೂಕಾಲಿಗೆ;
ನಾಲ್ಕೂವರೆಗೆ ಒಂದು ಬಕೆಟ್ಟು, ಒಂಬತ್ತು ಚೊಂಬು,
ಹತ್ತನೆಯದಕ್ಕೆ ನಾದಿನಿ ಬಾಗಿಲು ಬಡಿಯುತ್ತಿದ್ದಳು.
ಬೆನ್ನಿಗೆ ನೀರು ಬಿತ್ತೋ ಇಲ್ಲವೋ
ಬೆನ್ನನ್ನೇ ಕೇಳಬೇಕು.

ಮೊದಲನೆಯದಕ್ಕೆ ನಾಲ್ಕು ಕಾಲು, ಸಿಂಹದ ಪಂಜ.
‘ಹಳೇ ಕಾಲದ ಮಾಡೆಲ್ಲು, ಈಗ ಫ್ಯಾಷನ್ನು.’
ಬೇಲೂರಲ್ಲಿ ದಿನಕ್ಕೆ ಮೂರು ಸಲ ಇಳಿದವಳಿಗೆ
ಸಿಂಹ ತೋರಿಸಬೇಡ ಮಗಾ.
ಅದರಡಿ ಗುಡಿಸುವವರು ಯಾರು?

ಮೂಲೆಯದು ಇಬ್ಬರಿಗೆ.
ಹೇಳುವಾಗ ಸುಹೇಲನ ಕಿವಿ ಕೆಂಪಾಯಿತು.
ನಮ್ಮನೆಯವರು ನೆನಪಾದರು:
ನಲ್ಲಿ ಬರೋದು ಮೂರು ದಿನಕ್ಕೊಮ್ಮೆ, ಇವಳಿಗೆ ಕೆರೆ ಬೇಕಂತೆ,
ಬೆಳಗಿನಿಂದ ಅದೊಂದೇ ಮಾತು ಅಗಿಯುತ್ತ ಕೂತಿದ್ದಾರೆ.

ಇನ್ನೊಂದಕ್ಕೆ ಬಾಗಿಲೇ ಇತ್ತು.
ಬಾಗಿಲು, ಒಳಗೊಂದು ಸೀಟು, ಹಿಡಿಯಲು ಸ್ಟೀಲಿನ ಕಂಬಿ.
‘ಮಂಡಿನೋವಿಗೆ ಇದೇ ಬೆಸ್ಟು ಮೇಡಂ.
ಕೂತು, ಬಾಗಿಲು ಹಾಕಿ, ನೀರು ಬಿಡೋದು.
ಪೂರ್ತಿ ಇಳಿಯೋವರೆಗೂ ತೆಗೆಯೋ ಹಾಗಿಲ್ಲ.’
ಬುದ್ಧಿ ಒಪ್ಪಿತು. ಮಂಡಿ ಎರಡೂ ಒಪ್ಪಿದವು.
ಆದರೆ ಎಲ್ಲ ಇಳಿಯಲಿ ಎಂದು ಕಾಯುತ್ತ
ಕಂಬಿ ಹಿಡಿದು ಕೂರಲು
ಇನ್ನೊಂದು ಬಸ್ಸನ್ನು ಮನೆಯೊಳಗೇ ಕಟ್ಟಿಸಲೇ?

ಕಿಟಕಿಯ ಪಕ್ಕ, ಧೂಳು ಹಿಡಿದು, ಸಾದಾ ಒಂದು.
ಗೋಡೆಗೆ ಸೇರಿಸಿ ಕೂರಿಸುವಂಥದ್ದು, ನಾಲ್ಕೂವರೆ ಅಡಿ.
‘ಅದು ಚಿಕ್ಕದು, ಯಾರೂ ಕೇಳಲ್ಲ.’
ನಾನೂ ಹಾಗೇ ಕಣೋ.
ಕೆಲಸಕ್ಕೆ ಸೇರುವಾಗ ಎತ್ತರ ಅಳೆದವನು
ನನ್ನ ಹಿಮ್ಮಡಿ ನೋಡಲಿಲ್ಲ.

ಚಪ್ಪಲಿ ಬಿಟ್ಟೆ. ಸೆರಗು ಸಿಕ್ಕಿಸಿ ಒಳಗಿಳಿದೆ.
ಮಲಗಿದೆ.
ಸುಹೇಲ್ ನಲ್ಲಿಗಳ ಕಡೆ ತಿರುಗಿಕೊಂಡ,
ಅಂತೋಣಪ್ಪ ಶಿಲುಬೆ ಗುರುತು ಹಾಕಿಕೊಂಡನೇನೋ, ಕಾಣಲಿಲ್ಲ.
ಕಂಡದ್ದು ಸೀಲಿಂಗು, ಅಲ್ಲೊಂದು ಹಲ್ಲಿ.
ಕೆಳಗೆ ರಸ್ತೆಯಲ್ಲಿ ಯಾವುದೋ ಗಾಡಿ ಗೇರು ಬದಲಿಸಿತು,
ಆ ಸದ್ದಿಗೆ ನನ್ನ ಬಲಗೈ
ತಾನೇ ಮೇಲೆದ್ದು
ಇಲ್ಲದ ಕಂಬಿಯನ್ನು ತಡಕಿತು.

ಗಾಳಿಯಲ್ಲಿ ನಿಂತೇ ಇತ್ತು ಅದು, ಸ್ವಲ್ಪ ಹೊತ್ತು.
ಆಮೇಲೆ ಒಂದೊಂದೇ ಬೆರಳು ಬಿಟ್ಟುಕೊಂಡು
ಎದೆಯ ಮೇಲೆ ಬಂದು ಕೂತಿತು.
ಯಾರೂ ಬಾಗಿಲು ಬಡಿಯಲಿಲ್ಲ.

‘ಇಳಿಜಾರು ಸಾಲದು, ಗೋಡೆ ಒಡೀಬೇಕಾಗ್ತದೆ.’
ಒಡಿ, ಅಂದೆ.

ಅಡ್ವಾನ್ಸಿಗೆ ಸಾಲದೆ ಬ್ಯಾಂಕಿಗೆ ಹೊರಟಾಗ
ಯಾರೋ ಗಂಡ ಹೆಂಡಿರು ಮೆಟ್ಟಿಲು ಹತ್ತಿ ಬರುತ್ತಿದ್ದರು,
ಹೊಸ ಮನೆಯ ಸುಣ್ಣ ಇನ್ನೂ ಚಪ್ಪಲಿಯಲ್ಲಿ.
ತಿರುಗಿ ಹೋದೆ. ಚೀಲದಿಂದ ಕರ್ಚೀಫು ತೆಗೆದೆ.
ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದವರ ಜೊತೆ
ಇಷ್ಟು ವರ್ಷ ಜಗಳಾಡಿದವಳು
ನಾನೇ ಹಾಸಿ ಬಂದೆ,
ತಲೆ ಇಡುವ ಕಡೆ.